ಕೋಡ್ ಕಾಕಾ ಓದದೇ ಬಿಟ್ಟ ಪ್ರಶ್ನೆ

ಬಿಡುವಿದ್ದಾಗ ಓದಿ… ಓದಿದ ಮೇಲೆ ನಾನಂತೂ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟೆ.

ಹುಬ್ಬಳ್ಳಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಶ್ರೀಪಾದ ಎಂಬ ಪ್ರೋಗ್ರಾಮರ್ ಇದ್ದರು.

ಆಫೀಸಿನಲ್ಲಿ ಅವರನ್ನು ಯಾರೂ ಅಷ್ಟಾಗಿ ಗಮನಿಸುತ್ತಿರಲಿಲ್ಲ… ಆದರೆ ಪ್ರೋಗ್ರಾಮಿಂಗ್ ಕಲಿಯುವವರ ಒಂದು ಆನ್‌ಲೈನ್ ಗ್ರೂಪಿನಲ್ಲಿ ಅವರದು ದೊಡ್ಡ ಹೆಸರು. ಅಲ್ಲಿ ಅವರು 'ಕೋಡ್ ಕಾಕಾ'.

ಯಾವ ಕಾಲೇಜಿನ ವಿದ್ಯಾರ್ಥಿ ಹೋಮ್‌ವರ್ಕ್ ಪ್ರಶ್ನೆ ಹಾಕಿದರೂ ಸರಿ… ಚಹಾ ಆರುವುದರೊಳಗೆ ಕಾಕಾನ ಉತ್ತರ ಬಂದಿರುತ್ತಿತ್ತು.

ಅದೂ ಪೂರ್ತಿ ಪ್ರೋಗ್ರಾಮ್. ಕಾಪಿ ಮಾಡಿ ಸಬ್‌ಮಿಟ್ ಮಾಡಿದರೆ ಮುಗಿಯಿತು.

ಅದರ ಕೆಳಗೆ ಕೈಮುಗಿದ ಇಮೋಜಿಗಳ ಸಾಲು… "ಕಾಕಾ, ನೀವು ದೇವರು." ಅದನ್ನು ಓದುವುದೇ ಶ್ರೀಪಾದರಿಗೆ ಒಂದು ಸುಖ.

ಒಮ್ಮೆ ಅದೇ ಗ್ರೂಪಿನಲ್ಲಿದ್ದ ಗದಗಿನ ಲೆಕ್ಚರರ್ ವಸುಧಾ ಮೇಡಂ ಬರೆದರು…

"ಹೋಮ್‌ವರ್ಕಿಗೆ ಪೂರ್ತಿ ಉತ್ತರ ಕೊಡಬ್ಯಾಡ್ರಿ ಕಾಕಾ. ಹುಡುಗ್ರು ಎಲ್ಲಿ ಸಿಕ್ಕೊಂಡಾರ ಅಂತ ಮೊದಲು ಕೇಳ್ರಿ."

ಕಾಕಾ ತಟ್ಟನೆ ಉತ್ತರಿಸಿದರು. "ನೀವು ಕ್ಲಾಸಿನಾಗ ಛಲೋತ್ನಂಗ ಕಲಿಸಿದ್ರ ಹುಡುಗ್ರು ಇಲ್ಲಿಗೆ ಯಾಕ ಬರ್ತಿದ್ರು ಮೇಡಂ?"

ಗ್ರೂಪಿನ ತುಂಬ ನಗು… ಮೇಡಂ ಗ್ರೂಪ್ ಬಿಟ್ಟು ಹೋದರು. ಕಾಕಾ ತಾನು ಗೆದ್ದೆ ಎಂದುಕೊಂಡರು.

ಕೆಲವು ವರ್ಷ ಕಳೆಯಿತು…

ಕಂಪನಿಗೆ ಹೊಸಬರನ್ನು ತೆಗೆದುಕೊಳ್ಳುವ ಇಂಟರ್‌ವ್ಯೂ. ಶ್ರೀಪಾದರ ಎದುರಿಗೆ ಬಾಗಲಕೋಟೆ ಕಡೆಯ ಹುಡುಗಿ, ಭುವನೇಶ್ವರಿ ಹೂಗಾರ. ಮಾರ್ಕ್ಸ್ ಕಾರ್ಡ್ ನೋಡಿದರೆ ಎಲ್ಲಾ ಸೆಮಿಸ್ಟರಿನಲ್ಲೂ ಡಿಸ್ಟಿಂಕ್ಷನ್.

ಶ್ರೀಪಾದರು ತೀರಾ ಸುಲಭದ್ದನ್ನೇ ಕೇಳಿದರು. ಹೆಸರುಗಳ ಪಟ್ಟಿಯಲ್ಲಿ ಎರಡು ಸಲ ಬಂದಿರುವ ಹೆಸರನ್ನು ಹುಡುಕುವ ಪ್ರೋಗ್ರಾಮ್.

ಅವಳು ಬೋರ್ಡಿನ ಮೇಲೆ ಒಂದು ಸಾಲು ಬರೆದಳು… ಅಳಿಸಿದಳು… ಮತ್ತೆ ಬರೆದಳು. ಕೈ ನಿಂತುಬಿಟ್ಟಿತು.

"ಈ ಮಾರ್ಕ್ಸ್ ಖರೇನ ನಿಮ್ಮವ ಏನ್ರಿ?" ಶ್ರೀಪಾದರು ವ್ಯಂಗ್ಯವಾಗಿ ಕೇಳಿದರು.

ಹುಡುಗಿ ತಲೆ ತಗ್ಗಿಸಿದಳು. "ಅಲ್ರಿ ಸರ್. ಅವು ಕೋಡ್ ಕಾಕಾನ ಮಾರ್ಕ್ಸ್ ರೀ."

ಶ್ರೀಪಾದರು ಪೆನ್ನು ಕೆಳಗಿಟ್ಟರು…

"ಅವ್ರದೇನ್ ತಪ್ಪಿಲ್ರಿ ಸರ್, ಭಾಳ ಒಳ್ಳೇವ್ರು. ಫಸ್ಟ್ ಸೆಮ್‌ನಾಗ ಕಾಲೇಜಿನ್ಯಾಗ, ಸ್ಕ್ರೀನ್ ಮ್ಯಾಲ ಸ್ಟಾರ್ ಗುರುತಿನ ತ್ರಿಕೋನ ಬರೂ ಪ್ರೋಗ್ರಾಮ್ ಹೋಮ್‌ವರ್ಕ್ ಕೊಟ್ಟಿದ್ರು. ಕಷ್ಟಪಟ್ಟು ನಾನ ಬರದಿದ್ನಿ. ಕೊನೇ ಸಾಲಿನಾಗ ಒಂದು ಸ್ಟಾರ್ ಹೆಚ್ಚಿಗಿ ಬರ್ತಿತ್ತು. ಅದು ಯಾಕ ಬರ್ತದ ಅಂತ ಗ್ರೂಪಿನಾಗ ಕೇಳಿದ್ನಿ."

"ಅವ್ರು ಏನ್ ಹೇಳಿದ್ರು?" ಶ್ರೀಪಾದರು ಕೇಳಿದರು.

"ಅದನ್ನ ಹೇಳ್ಲಿಲ್ರಿ. ಪೂರಾ ಬ್ಯಾರೆ ಪ್ರೋಗ್ರಾಮ್ ಕಳಿಸಿದ್ರು. ಎಷ್ಟು ಚಂದ ಇತ್ತಂದ್ರ… ಅದರ ಮುಂದ ನಂದು ನೋಡಾಕ ನಾಚಿಕಿ ಬಂತು. ಅಳಿಸಿಬಿಟ್ಟೆ. ಆಮ್ಯಾಲ ನಾ ಯಾವುದೂ ಬರೀಲೇ ಇಲ್ರಿ. ಎಲ್ಲಾ ಅವ್ರನ್ನ ಕೇಳಿದ್ನಿ, ಪರೀಕ್ಷಾಕ್ಕ ಅದನ್ನ ಬಾಯಿಪಾಠ ಮಾಡಿದ್ನಿ."

ಅವಳು ನಮಸ್ಕಾರ ಹೇಳಿ ಹೊರಗೆ ಹೋದಳು…

ಶ್ರೀಪಾದರಿಗೆ ಕೂರಲಾಗಲಿಲ್ಲ. ಹಿಂದೆಯೇ ಹೋಗಿ ಗೇಟಿನ ಹತ್ತಿರ ಅವಳನ್ನು ನಿಲ್ಲಿಸಿದರು.

"ಆ ಕೋಡ್ ಕಾಕಾ… ನಾನ ಅದೀನವಾ."

ಬೈಯುತ್ತಾಳೆ ಎಂದುಕೊಂಡಿದ್ದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಆದರೆ ಹುಡುಗಿಯ ಮುಖ ಅರಳಿತು. "ನಿಮ್ಮನ್ನ ಒಮ್ಮೆ ನೋಡಬೇಕಂತ ಭಾಳ ಆಸೆ ಇತ್ರಿ ಕಾಕಾ" ಎನ್ನುತ್ತಾ ಅವರ ಕಾಲು ಮುಟ್ಟಲು ಬಗ್ಗಿದಳು.

ಶ್ರೀಪಾದರು ಗಾಬರಿಯಿಂದ ಹಿಂದೆ ಸರಿದರು. ಕಣ್ಣು ತುಂಬಿ ಬಂದಿತ್ತು…

"ಬ್ಯಾಡವಾ. ನೀ ಕೇಳಿದ್ದು ಒಂದು ಸ್ಟಾರ್ ಬಗ್ಗೆ. ನಾ ನಿನ್ನ ಪ್ರಶ್ನೆ ಪೂರ್ತಿ ಓದಲೇ ಇಲ್ಲ. ನೀ ಬರದದ್ದನ್ನೂ ಓದಲಿಲ್ಲ. ನೀ ಕಲೀಬೇಕು ಅನ್ನೂದು ನನಗ ಇರಲಿಲ್ಲ… ನಿನ್ನ ನಮಸ್ಕಾರ ಬೇಕಾಗಿತ್ತು."

ನಿಧಾನಕ್ಕೆ ಅವಳ ಕಣ್ಣಲ್ಲೂ ನೀರು ಬಂತು… ತಾನು ಕಳೆದುಕೊಂಡದ್ದೇನು ಎಂದು ಈಗ ಅವಳಿಗೂ ಅರ್ಥವಾಗಿತ್ತು.

ಆ ಕೆಲಸ ಅವಳಿಗೆ ಸಿಗಲಿಲ್ಲ. ಕೊಡುವ ಹಾಗೂ ಇರಲಿಲ್ಲ.

ಆದರೆ ಅಂದಿನಿಂದ ಶನಿವಾರ ಸಂಜೆ ಬಂದರೆ ಶ್ರೀಪಾದರು ಅವಳಿಗೆ ಫೋನ್ ಮಾಡುತ್ತಿದ್ದರು. ಒಂದೇ ಒಂದು ಸಾಲಿನ ಕೋಡ್ ಹೇಳಲಿಲ್ಲ. "ನೀ ಏನ್ ಬರದಿ, ಅದನ್ನ ಓದು" ಎನ್ನುವುದು, ಆಮೇಲೆ ಬಾಯಿ ಮುಚ್ಚಿಕೊಂಡು ಕಾಯುವುದು. ಅವಳು ಅತ್ತಳು, ಸಿಟ್ಟಾದಳು, ಎಷ್ಟೋ ಸಲ ಫೋನ್ ಇಟ್ಟುಬಿಟ್ಟಳು.

ಗ್ರೂಪಿನಲ್ಲೂ ಶ್ರೀಪಾದರು ತಮ್ಮ ತಪ್ಪನ್ನು ಒಪ್ಪಿಕೊಂಡು ಬರೆದರು. "ಇನ್ನು ಮುಂದೆ, ನೀವೇನು ಪ್ರಯತ್ನ ಮಾಡಿದ್ದೀರಿ ಅಂತ ಮೊದಲು ಕೇಳುತ್ತೇನೆ" ಎಂದರು.

"ಕಾಕಾಗ ಸೊಕ್ಕು ಬಂತು" ಎಂದರು ಕೆಲವರು. ಬಹಳ ಜನ ಬೇರೆ ಗ್ರೂಪಿಗೆ ಹೋದರು.

ಶ್ರೀಪಾದರು ವಸುಧಾ ಮೇಡಂ ಅವರ ನಂಬರ್ ಹುಡುಕಿ, ಕ್ಷಮೆ ಕೇಳಿ ಮೆಸೇಜ್ ಕಳಿಸಿದರು. ಮೇಡಂ ಓದಿದ ಗುರುತು ನೀಲಿಯಾಯಿತು… ಉತ್ತರ ಬರಲಿಲ್ಲ.

ಮುಂದಿನ ವರ್ಷ ಭುವನೇಶ್ವರಿಗೆ ಬೆಳಗಾವಿಯ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. "ಇಂಟರ್‌ವ್ಯೂನಾಗ ನಾನ ಬರದ್ನಿ ಕಾಕಾ. ಚಂದ ಇರಲಿಲ್ಲ, ಆದ್ರ ಓಡ್ತು" ಎಂದಳು.

ಶ್ರೀಪಾದರಿಗೆ ಬಹಳ ಸಂತೋಷವಾಯಿತು… ಫೋನ್ ಇಟ್ಟ ಮೇಲೆ ಮಾತ್ರ ಮನಸ್ಸು ಭಾರವಾಯಿತು.

ಇವಳೊಬ್ಬಳು ಎದುರಿಗೆ ಬಂದು ನಿಂತಳು. ಉಳಿದವರ ಮುಖವನ್ನು ಅವರು ನೋಡಿಯೇ ಇಲ್ಲ… ಯಾವ ಊರಿನಲ್ಲಿ, ಯಾರ ಎದುರಿಗೆ, ಎಷ್ಟು ಮಕ್ಕಳು ಬೋರ್ಡಿನ ಮುಂದೆ ತಲೆ ತಗ್ಗಿಸಿ ನಿಂತಿದ್ದಾರೋ.

*ಕಲಿಯುವವರ ಕೈಯಿಂದ ಕೆಲಸ ಕಿತ್ತುಕೊಂಡು ಮಾಡಿಕೊಡುವುದು ಸಹಾಯವಲ್ಲ… ಪಕ್ಕದಲ್ಲಿ ಕೂತು ಕಾಯುವುದು ಸಹಾಯ.*

ಒಮ್ಮೆ ಯೋಚಿಸಿ… ನಿಮ್ಮ ಮನೆಯ ಮಗು ಮೊನ್ನೆ ಶಾಲೆಗೆ ಒಯ್ದ ಪ್ರಾಜೆಕ್ಟ್ ಮಾಡಿದ್ದು ಮಗುವೋ… ನೀವೋ?