ಎದೆಯುರಿಗೆ ಮೂರು ಮದ್ದು

“ಎದೆಯುರಿ ಮದ್ದಲ್ಲಿ ಯಾವುದಕ್ಕೆ ವಾಸನೆ ಇಲ್ಲ?”

ಒಂದೇ ವಾರದಲ್ಲಿ ಇದು ಮೂರನೆಯ ಸಲ. ಔಷಧಿ ಅಂಗಡಿಯಾಕೆ ಕನ್ನಡಕ ಏರಿಸಿಕೊಂಡು ಆ ಹೆಂಗಸನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೊದಲ ದಿನ ಗುಲಾಬಿ ಬಣ್ಣದ ಸಿರಪ್ ಒಯ್ದಿದ್ದಳು, ಆಮೇಲೆ ಅಗಿಯುವ ಮಾತ್ರೆ. ಎರಡೂ ಆಗಲಿಲ್ಲವಂತೆ. ಬಾಯಲ್ಲಿ ಪುದೀನ ವಾಸನೆ ಉಳಿಯುತ್ತದಂತೆ.

“ಉಳಿದ್ರೇನೀಗ?”

“ಮನೇಲಿ ಗೊತ್ತಾಗಬಾರದು.”

ಅಂಗಡಿಯಾಕೆಯ ಕಿವಿ ನೆಟ್ಟಗಾಯಿತು. ಇಪ್ಪತ್ತು ವರ್ಷದ ಅನುಭವ. ಬೀದಿಯಲ್ಲಿ ಯಾರಿಗೇನು ಕಾಯಿಲೆ ಎಂಬುದು ಅವರಿಗಿಂತ ಮೊದಲು ತನಗೆ ಗೊತ್ತು ಎಂಬ ಜಂಬ ಬೇರೆ. ಅಂಗಡಿಯಾಕೆಯ ಮನೆಯಲ್ಲಿ ಗಂಡ ಸೀನಲಿಕ್ಕೂ ಹೆದರುತ್ತಿದ್ದ. ಸೀನಿದರೆ ಮೂರು ಪರೀಕ್ಷೆ, ಆರು ದಿನ ಪಥ್ಯ.

ಮೂರು ಬಗೆಯ ಮದ್ದನ್ನು ಗಾಜಿನ ಮೇಲಿಟ್ಟಳು. “ಅಗಿಯೋದು ಐದು ನಿಮಿಷದಲ್ಲಿ ಉರಿ ಇಳಿಸುತ್ತೆ, ಬೇಗ ಮುಗಿದೂ ಹೋಗುತ್ತೆ. ಈ ಮಾತ್ರೆ ನಿಧಾನ, ಆದ್ರೆ ಅರ್ಧ ದಿನ ತಡೆಯುತ್ತೆ. ಈ ಕ್ಯಾಪ್ಸೂಲು ಊಟಕ್ಕೆ ಅರ್ಧ ಗಂಟೆ ಮುಂಚೆ. ಪೂರ್ತಿ ಗುಣ ಕಾಣೋಕೆ ಮೂರ್ನಾಲ್ಕು ದಿನ ಬೇಕು. ವಾಸನೆ ಇಲ್ಲ. ಯಾರಿಗೆ, ಗಂಡನಿಗೋ ಮಾವನಿಗೋ?”

ಹೆಂಗಸು ಪಾಠ ಒಪ್ಪಿಸುವವಳಂತೆ ಬಿಡಿಸಿ ಬಿಡಿಸಿ ಹೇಳಿದಳು. “ಮೆಟ್ಟಿಲು ಹತ್ತಿದಾಗ ಮಾತ್ರ ಉರಿ ಬಂದ್ರೆ? ನಿಂತ್ರೆ ಹೋಗುತ್ತೆ. ಎಡಗೈ ಜೋಮು ಹಿಡಿಯುತ್ತೆ. ಮೈಯೆಲ್ಲ ಬೆವರುತ್ತೆ.”

ಅಂಗಡಿಯಾಕೆಗೆ ತಟ್ಟನೆ ಹೊಳೆಯಿತು. ಇದು ಹೊಟ್ಟೆಯ ಉರಿಯಲ್ಲ, ಹೃದಯದ್ದು. ಎಲ್ಲ ಗೊತ್ತಿದ್ದೂ ಇವಳು ಯಾರಿಗೋ ಎದೆಯುರಿಯ ಮದ್ದು ತಿನ್ನಿಸಿ ಸಾಯಲೆಂದು ಕಾಯುತ್ತಿದ್ದಾಳೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು! ಸಿಟ್ಟು ನೆತ್ತಿಗೇರಿತು. ಕ್ಯಾಪ್ಸೂಲನ್ನು ಹಿಂದಕ್ಕೆಳೆದುಕೊಂಡು ಫೋನು ಕೈಗೆತ್ತಿಕೊಂಡಳು.

“ಇವತ್ತೇ ಆಸ್ಪತ್ರೆಗೆ ಸೇರಿಸದಿದ್ರೆ ಆ ಮನುಷ್ಯ ಉಳಿಯೋದು ಕಷ್ಟ. ಯಾರವರು? ಹೇಳ್ತೀರೋ, ಪೊಲೀಸರನ್ನ ಕರೀಲೋ?”

ಹೆಂಗಸಿನ ಕಣ್ಣು ತುಂಬಿತು. “ನಾನು ಆಫೀಸಲ್ಲಿ ಅವರ ಪಕ್ಕದ ಮೇಜಿನವಳು, ಅಷ್ಟೆ. ಔಷಧಿ ತಂದುಕೊಡು ಅಂತಾರೆ. ಹೆಂಡತಿ ಹತ್ರ ಅವರ ಹೆಸರು ಎತ್ತಲ್ಲ ಅಂತ ಆಣೆ ಹಾಕಿಸ್ಕೊಂಡಿದಾರೆ.”

“ಜೀವ ಹೋಗೋ ಹೊತ್ತಲ್ಲಿ ಎಂಥ ಆಣೆ ರೀ? ಹೆಸರು ಬೇಡ, ಆ ಹೆಂಡತಿಗೆ ಒಂದು ಸುಳಿವಾದ್ರೂ ಕೊಡಬಾರದಿತ್ತಾ?”

“ಮೂರು ಸಲ ಕೊಟ್ಟೆ ಅಕ್ಕಾ, ಅವರ ಅಂಗಡಿಗೇ ಬಂದು.”