ಸದ್ದು ಮಾಡದ ಪಂಪು

ಅಪ್ಪ ಬಕೆಟ್ಟನ್ನು ತಂದು ಮಗಳ ಕೆಲಸದ ಮೇಜಿನ ಮೇಲೆ ಕುಕ್ಕಿದ. ಒಳಗೆ ಏಳೆಂಟು ಮೀನು, ಎಲ್ಲವೂ ಹೊಟ್ಟೆ ಮೇಲೆ ಮಾಡಿಕೊಂಡು ಬಿದ್ದಿದ್ದವು.

"ಮೂರನೇ ವಾರ ಇದು. ನೀನು ಹಾಕಿದ ಹೊಸ ಪಂಪೂ ಕೈಕೊಡ್ತು," ಎಂದ.

ಬಂದರಿನ ತುದಿಯ ಆ ತಗಡಿನ ಶೆಡ್ಡಿನಲ್ಲಿ ಮಗಳು ಹನ್ನೆರಡು ವರ್ಷದಿಂದ ದೋಣಿಗಳ ಮೋಟರು ಬಿಚ್ಚುತ್ತಿದ್ದಳು. ಅಲ್ಲಿ ಅವಳಿಗೆ ಮೆಕ್ಯಾನಿಕ್ಕಮ್ಮ ಎಂದೇ ಹೆಸರು. ಕೈಯಾರೆ ಕೂರಿಸಿದ ಪಂಪು ಹತ್ತೇ ದಿನಕ್ಕೆ ಕೆಟ್ಟಿತು ಎಂದರೆ, ಅದೂ ಸ್ವಂತ ಅಪ್ಪನ ದೋಣಿಯದು, ಮುಖಕ್ಕೆ ಹೊಡೆದಂತಾಯಿತು. ಬಿಚ್ಚಿ ತಂದಿದ್ದ ಹಳೆಯ ಪಂಪನ್ನು ಅವಳು ಅಂದೇ ನೀರಲ್ಲಿ ಮುಳುಗಿಸಿ ನೋಡಿದ್ದಳು. ಅದು ಚೆನ್ನಾಗಿಯೇ ಓಡಿತ್ತು. ತಂತಿ ಎಲ್ಲೋ ಸಡಿಲ ಇದ್ದಿರಬೇಕೆಂದು ಸುಮ್ಮನಾಗಿದ್ದಳು. ಈಗ ಸ್ಪ್ಯಾನರು ಎತ್ತಿಕೊಂಡು ಅಪ್ಪನ ಹಿಂದೆಯೇ ದೋಣಿಗೆ ಇಳಿದಳು.

ದೋಣಿ ಚಿಕ್ಕದು, ಒಬ್ಬನೇ ಹೋಗಿ ಬರುವಂಥದ್ದು. ನಡುವೆ ಹಲಗೆ ಮುಚ್ಚಿದ ತೊಟ್ಟಿ. ಹಿಡಿದ ಮೀನು ದಡ ಸೇರುವವರೆಗೆ ಅದರಲ್ಲಿ ಜೀವಂತ ಇರಬೇಕು. ಸತ್ತ ಮೀನನ್ನು ಹೋಟೆಲಿನವರು ಮೂಸಿಯೂ ನೋಡುವುದಿಲ್ಲ. ಪಂಪು ದೋಣಿಯ ತಳದಿಂದ ಹೊಸ ನೀರು ಎಳೆದು ತೊಟ್ಟಿಯ ಅಡಿಗೆ ಬಿಡುತ್ತದೆ, ಹೆಚ್ಚಾದ ನೀರು ಹೊರಮೈಯ ತೂತಿನಿಂದ ಸಮುದ್ರಕ್ಕೆ ಹೋಗುತ್ತದೆ. ಮೇಲೆ ನಿಂತವನಿಗೆ ಒಳಗೆ ಬರುವ ನೀರೂ ಕಾಣದು, ಹೊರಗೆ ಹೋಗುವುದೂ ಕಾಣದು. ಪಂಪಿನ ಸದ್ದೊಂದೇ ಅವನಿಗೆ ಗುರುತು.

ಮಗಳು ಒಂದೊಂದಾಗಿ ನೋಡುತ್ತಾ ಬಂದಳು. ತಳದ ಜಾಲರಿಗೆ ಪಾಚಿ ಕಟ್ಟಿರಲಿಲ್ಲ. ಪೈಪು ಎಲ್ಲೂ ಮಡಚಿರಲಿಲ್ಲ. ಬ್ಯಾಟರಿ ತುಂಬಿತ್ತು, ತಂತಿಯೂ ಫ್ಯೂಸೂ ಗಟ್ಟಿಯಾಗಿದ್ದವು. ಹುಡುಕಿದಷ್ಟೂ ತಪ್ಪು ಸಿಗದೆ ಅವಳ ತಲೆ ಕೆಟ್ಟುಹೋಯಿತು.

"ನೀನು ಹೇಗೆ ಹಾಕ್ತೀಯ, ಹಾಕಿ ತೋರ್ಸು ನೋಡೋಣ."

"ನಲವತ್ತು ವರ್ಷದಿಂದ ಹಾಕ್ತಿರೋನಿಗೆ ಪಾಠ ಬೇರೆ ಕೇಡು," ಎಂದು ಗೊಣಗುತ್ತಾ ಅಪ್ಪ ಗುಂಡಿ ಒತ್ತಿದ. ಒಮ್ಮೆ ಒತ್ತಿದರೆ ಶುರು, ಇನ್ನೊಮ್ಮೆ ಒತ್ತಿದರೆ ಬಂದ್. ದೀಪಗೀಪ ಏನೂ ಇಲ್ಲದ ಹಳೇ ಕಾಲದ ಗುಂಡಿ ಅದು. ಪಂಪು ಗುಂಯ್ ಎಂದು ಶುರುವಾಯಿತು. ಅಪ್ಪ ಎಂದಿನಂತೆ ತಲೆ ವಾಲಿಸಿ ಕಿವಿಗೊಟ್ಟ.

"ನೋಡ್ದೆಯಾ? ಸತ್ತಿದೆ," ಎಂದು ಮತ್ತೆ ಒತ್ತಿದ. ಪಂಪು ನಿಂತಿತು. "ಈಗ್ಲೂ ಇಲ್ಲ."

ಪಂಪು ಓಡಿದ್ದೂ ನಿಂತದ್ದೂ ಮಗಳಿಗೆ ಚೆನ್ನಾಗಿಯೇ ಕೇಳಿಸಿತ್ತು. ಈ ಮೂರು ವಾರ ಅಪ್ಪ ನಡುಸಮುದ್ರದಲ್ಲಿ ಹೀಗೇ ಒತ್ತಿ ಒತ್ತಿ, ಓಡುತ್ತಿದ್ದ ಪಂಪನ್ನು ತಾನೇ ನಿಲ್ಲಿಸಿ, ಆಮೇಲೆ ಮೀನು ಉಳಿಸಿಕೊಳ್ಳಲು ಬಕೆಟ್ಟಿನಲ್ಲಿ ನೀರು ಮೊಗೆದು ಹಾಕುತ್ತಾ ದಡಕ್ಕೆ ಬಂದಿದ್ದಾನೆ ಎಂಬುದು ಅವಳಿಗೆ ಹೊಳೆಯಿತು. ಮೋಟರುಗಳ ನಡುವೆ ದುಡಿಯುವವಳ ಗಂಟಲು ದೊಡ್ಡದು, ಮನೆಯಲ್ಲೂ ಅದೇ ಗಂಟಲು. ಅವಳು ಹೇಳಿದ್ದೆಲ್ಲ ಅಪ್ಪನಿಗೆ ಕೇಳಿಸುತ್ತಿತ್ತು. ಬೇರೆ ಯಾರಾದರೂ ಕರೆದಾಗ ಅವನು ತಿರುಗದಿದ್ದರೆ, ವಯಸ್ಸಾದಂತೆ ಜಂಬ ಜಾಸ್ತಿಯಾಯಿತೆಂದು ನಕ್ಕವಳೂ ಅವಳೇ. ಅದನ್ನು ನೆನೆದು ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಗುಂಡಿ ಒತ್ತಿ, ಅಪ್ಪನ ಕೈ ಹಿಡಿದು ಪಂಪಿನ ಬೆನ್ನ ಮೇಲೆ ಇಟ್ಟಳು. ಪಂಪಿನ ಸಣ್ಣ ನಡುಕ ಅವನ ಅಂಗೈಗೆ ಹತ್ತಿತು.

"ನಡೀತಿದೆಯಪ್ಪ. ಹಳೇದೂ ನಡೀತಿತ್ತು."

ಅಪ್ಪನಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಅವನು ಕೈ ಎಳೆದುಕೊಂಡು ದೋಣಿಯ ಅಂಚಿನಲ್ಲಿ ಕುಳಿತುಬಿಟ್ಟ.

"ದೊಡ್ಡ ದೋಣಿಯೋರು ಹಾರನ್ ಹೊಡೆಯೋದೇ ಬಿಟ್ಟಿದ್ದಾರೆ ಅಂತ ಬೈಕೊಂಡು ತಿರುಗ್ತಿದ್ದೆ," ಎಂದ. "ಹೋದ ತಿಂಗಳು ಒಂದು ಮೈಮೇಲೇ ಬಂತು. ಒಂದು ಮಾರು ದೂರ, ಅಷ್ಟೇ. ಮೇಲೆ ನಿಂತೋನು ಬೈತಿದ್ದ. ಬಾಯಾಡೋದು ಕಾಣ್ತು, ಮಾತು ಬರ್ಲಿಲ್ಲ."

"ಡಾಕ್ಟರ ಹತ್ರ ಹೋಗೋಣ ನಡಿ."

"ಆವಾಗ್ಲೇ ಹೋಗಿ ಬಂದೆ. ಕಿವಿಗೆ ಮಿಷನ್ ಇಟ್ಟೂ ನೋಡಿದ್ರು, ಉಪಯೋಗ ಆಗ್ಲಿಲ್ಲ. ನರಾನೇ ಹೋಗಿದೆಯಂತೆ. ಇನ್ನು ಸಮುದ್ರಕ್ಕೆ ಹೋಗ್ಬೇಡ ಅಂತ ಚೀಟೀಲಿ ಬರ್ಕೊಟ್ರು."

ಮಗಳಿಗೆ ದುಃಖ ಒತ್ತರಿಸಿಕೊಂಡು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. "ಎಲ್ಲಾ ಗೊತ್ತಿದ್ದೂ ಹೊಸ ಪಂಪು ಯಾಕೆ ಹಾಕಿಸ್ಕೊಂಡೆ? ಇವತ್ತು ಮತ್ತೆ ನನ್ನ ಯಾಕೆ ಕರ್ಕೊಂಡು ಬಂದೆ?"

ಅಪ್ಪ ಅವಳ ತುಟಿಯನ್ನೇ ನೋಡುತ್ತಿದ್ದ. ಇಬ್ಬರ ನಡುವೆ ಪಂಪು ಓಡುತ್ತಲೇ ಇತ್ತು.

"ಪಂಪೇ ಕೆಟ್ಟಿರ್ಲಿ ಅಂತ ಬೇಡ್ಕೋತಿದ್ದೆ ಮಗಳೇ," ಎಂದ. "ಪಂಪಾಗಿದ್ರೆ ನೀನು ರಿಪೇರಿ ಮಾಡ್ತಿದ್ದೆ."