ಫೋಟೋಗೊಬ್ಬ ಅನಾಥ

ಪೌಡರಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ಕಾಪುವಿನ ಆ ಮಧ್ಯಾಹ್ನ ನೆನಪಾಗಿ ನನಗೆ ಮೈ ಉರಿಯುತ್ತದೆ.

ಬಸ್‌ಸ್ಟ್ಯಾಂಡಿನಲ್ಲಿ, ಮೀನಿನ ದೋಣಿಗಳು ನಿಲ್ಲುವ ಮಲ್ಪೆಯ ದಕ್ಕೆಯಲ್ಲಿ ಯಾರೋ ಬಿಟ್ಟುಹೋದ ನಮ್ಮಂಥ ಮಕ್ಕಳನ್ನು ಊರವರ ನೆರವಿನಿಂದ ಲಿಲ್ಲಿಬಾಯಿ ಸಾಕುತ್ತಿದ್ದರು. ಉಡುಪಿಯ ಯಾವುದೋ ಸಂಘದವರು ಬರುತ್ತಾರೆಂದು ಅವರು ನಮಗೆ ಸ್ನಾನ ಮಾಡಿಸಿ, ಇಸ್ತ್ರಿ ಹಾಕಿದ ಅಂಗಿ ತೊಡಿಸಿ, ಮುಖಕ್ಕೆ ಪೌಡರು ಹಚ್ಚಿ ಸಾಲಾಗಿ ನಿಲ್ಲಿಸಿದ್ದರು. ಬಂದವರು ಬೇಸಗೆಯ ಸೆಕೆಯಲ್ಲಿ ಕಂಬಳಿ ಹಂಚುವಷ್ಟು ಬುದ್ಧಿವಂತರು.

ತಮ್ಮ ಮಕ್ಕಳನ್ನೂ ಕಟ್ಟಿಕೊಂಡು ಕಾರಿನಲ್ಲಿ ಬಂದಿಳಿದ ಸಂಘದ ಅಧ್ಯಕ್ಷರು ನಮ್ಮನ್ನು ನೋಡಿ ಮುಖ ಸಿಂಡರಿಸಿದರು. "ಎಂತ ಇದು ಲಿಲ್ಲಿಬಾಯಿ? ಫೋಟೋದಲ್ಲಿ ಅನಾಥರ ಹಾಗೆ ಕಾಣುವುದು ಬೇಡವಾ? ಆ ಪೌಡರು ಒರೆಸಿ."

ಲಿಲ್ಲಿಬಾಯಿ ಒರೆಸಲಿಲ್ಲ. ಕೊನೆಗೆ ಅವರು ಕರೆಸಿದ್ದ ಫೋಟೋದವನೇ ಬಾವಿಕಟ್ಟೆಯ ಬಳಿ ಮೈಮುಖವೆಲ್ಲ ಕೆಸರು ಮಾಡಿಕೊಂಡು ಆಡುತ್ತಿದ್ದ ಹುಡುಗನೊಬ್ಬನನ್ನು ಎಳೆದು ತಂದು ಮುಂದೆ ನಿಲ್ಲಿಸಿದ. "ಇವನಾಗಬಹುದು ಸಾರ್." ಆ ಹುಡುಗ ನಮ್ಮವನಲ್ಲವೆಂದು ಲಿಲ್ಲಿಬಾಯಿಗೆ ಗೊತ್ತಿತ್ತು. ಆದರೂ ಅವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ಅಧ್ಯಕ್ಷರು ಕ್ಯಾಮೆರಾ ನೋಡಿ ಹಲ್ಲು ಕಿರಿಯುತ್ತಲೇ ಅವನ ಹೆಗಲಿಗೆ ಕಂಬಳಿ ಹೊದಿಸಿ ತಲೆ ಸವರಿದರು. "ಹೆದರಬೇಡ ಮಗಾ, ಇನ್ನು ನಿನಗೆ ನಾವಿದ್ದೇವೆ."

ಹುಡುಗ ಅವರ ಕೈಯ ಕೆಳಗಿನಿಂದ ತಲೆಯೆತ್ತಿ, "ಪಪ್ಪಾ, ನಾನು" ಎಂದ.